ಮಹಡಿ ಮೇಲಿನ ಬ್ರೆಜಿಲ್

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಬ್ರೆಜಿಲ್ ದೇಶದ ಫುಟ್ಬಾಲ್ ಆಟಗಾರನಿಗೆ ಕನ್ನಡ ಬರುತ್ತದೆ ಎಂಬ ಅನುಮಾನ ನನಗೆ ಮೊದಲು ಹುಟ್ಟಿದ್ದು ಬಟಾಟೆ ಪಲ್ಯದಿಂದ.

ಅವನು ಬಂದ ಹೊಸತು. ಒಂದು ಭಾನುವಾರ ಅಮ್ಮ ಅವನನ್ನು ಊಟಕ್ಕೆ ಕರೆದಿದ್ದಳು. ಅಮ್ಮ ಧಾರವಾಡದ ಕಡೆಯವಳು. ಮದುವೆಯಾಗಿ ಬೆಂಗಳೂರಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಅವಳ ನಾಲಿಗೆ ಮಾತ್ರ ಇನ್ನೂ ರೈಲು ಇಳಿದಿಲ್ಲ. ನಾವು ಆಲೂಗಡ್ಡೆ ಎಂದರೆ ಅವಳಿಗೆ ಬಟಾಟಿ, ಬೀಗದ ಕೈ ಎಂದರೆ ಚಾವಿ, ಐಸು ಎಂದರೆ ಬರಫ. "ಅವಂಗ ಇನ್ನಷ್ಟು ಬಟಾಟಿ ಪಲ್ಯ ಹಾಕು" ಎಂದು ಅವಳು ನನಗೆ ಹೇಳಿದ್ದೇ ತಡ, ಅವನು ತಟ್ಟೆ ಮುಂದೆ ಮಾಡಿ "ಬಟಾಟ!" ಎಂದು ನಕ್ಕ. ಊಟ ಮುಗಿಸಿ ಬಾಗಿಲು ದಾಟಿದ ಮೇಲೆ ಅಮ್ಮ "ಚಾವಿ ಇಲ್ಲೇ ಮರತಾನ ನೋಡು" ಎಂದಳು. ನಾನು ಕೂಗುವ ಮೊದಲೇ ಅವನು ತಿರುಗಿ ಬಂದು ಮೇಜಿನ ಮೇಲಿನ ಬೀಗದ ಕೈ ಎತ್ತಿಕೊಂಡ. ನನ್ನ ಕಿವಿ ನೆಟ್ಟಗಾಯಿತು.

ಅನುಮಾನ ನನ್ನ ಕಸುಬು. ನಾನು ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಕೆಲಸ ಮಾಡುವವಳು. ಸುಟ್ಟ ಗೋಡೌನು, ಕಳುವಾದ ಬೈಕು, ಮುರಿದ ಕಾಲು, ಯಾವುದನ್ನೂ ಮೊದಲ ಸಲಕ್ಕೇ ನಂಬಬಾರದು ಎಂದೇ ನನಗೆ ಸಂಬಳ ಕೊಡುತ್ತಾರೆ. ಎದುರು ಕೂತವರು ತಮ್ಮ ಕತೆ ಹೇಳುವಾಗ ನಾನು ಜಗಳ ಆಡುವುದಿಲ್ಲ, ಅಡ್ಡ ಪ್ರಶ್ನೆ ಹಾಕುವುದಿಲ್ಲ. "ಹೌದಾ?" ಎನ್ನುತ್ತೇನೆ, ಅಷ್ಟೆ. ಆ ಒಂದು ಮಾತಿಗೆ ಎಂಥೆಂಥವರೋ ಬೆವರಿದ್ದಾರೆ. ಮದುವೆಯ ಪ್ರಸ್ತಾಪಗಳಿಗೂ ಹೀಗೇ "ಹೌದಾ?" ಎಂದದ್ದಕ್ಕೆ ಇನ್ನೂ ಅಮ್ಮನ ಜೊತೆಯಲ್ಲಿದ್ದಾಳೆ ಎಂದು ನೆಂಟರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಅವನನ್ನು ಕರೆತಂದವರು ಅವನ ಕ್ಲಬ್ಬಿನ ಮ್ಯಾನೇಜರು. ಹಲಸೂರಿನವರು. ಅವರ ಬೀದಿಯಲ್ಲಿ ವಿಶ್ವಕಪ್ ಬಂತೆಂದರೆ ಮನೆಮನೆಗೆ ಹಸಿರು-ಹಳದಿ ಬಾವುಟ ಏರುತ್ತದೆ, ಬ್ರೆಜಿಲ್ ಸೋತರೆ ಆ ದಿನ ಒಲೆ ಹಚ್ಚುವುದಿಲ್ಲ. "ಮೇಡಂ, ನಮ್ ಏರಿಯಾದಲ್ಲಿ ಬ್ರೆಜಿಲ್ ಸ್ಟ್ರೈಕರ್ ಅಂದ್ರೆ ಸಾಕು, ಹೆಂಗಸ್ರು ಮಕ್ಳು ಎಲ್ಲಾ ಗ್ರೌಂಡಿಗೆ ಬಂದ್ಬಿಡ್ತಾರೆ. ಒಂದ್ ಸೀಸನ್ ಇಟ್ಕೊಳ್ಳಿ. ಒಳ್ಳೇ ಹುಡ್ಗ" ಎಂದರು. ಅಪ್ಪ ಕೆ.ಆರ್. ಪುರದ ಕಡೆಯ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ಸಿ.ವಿ. ರಾಮನ್ ನಗರದಲ್ಲಿ ಕಟ್ಟಿಸಿದ ಮನೆ ಇದು. ಅವರು ಹೋದ ಮೇಲೆ ಮಹಡಿ ಖಾಲಿ ಬಿದ್ದಿತ್ತು. ಹ್ಞೂಂ ಎಂದೆ. ಮರುದಿನ ಬಂದಿಳಿದ 'ಹುಡುಗ'ನ ಗಡ್ಡದಲ್ಲಿ ಬಿಳಿ ಕೂದಲಿತ್ತು.

ಅವನು ಆಡಿದ ಕ್ಲಬ್ಬುಗಳ ಕತೆಯನ್ನು ಊಟದ ಮೇಜಿನಲ್ಲೇ ಕಂತುಕಂತಾಗಿ ಕೇಳಿದೆವು. ಹರಕು ಇಂಗ್ಲಿಷು, ಉಳಿದದ್ದು ಕೈಸನ್ನೆ. ಮೀಸೆ ಮೂಡುವ ವಯಸ್ಸಿಗೇ ಪೋರ್ಚುಗಲ್. ಅಲ್ಲಿಂದ ಸೈಪ್ರಸ್. ಅಲ್ಲಿಂದ ಬೂಟಿನೊಳಗೆ ಹಿಮ ತುಂಬುವ ಒಂದು ಊರು, ಆಮೇಲೆ ಬೂಟಿನೊಳಗೆ ಮರಳು ತುಂಬುವ ಇನ್ನೊಂದು. ಥಾಯ್ಲೆಂಡ್, ಗೋವಾ, ಕೋಲ್ಕತ್ತಾ, ಈಗ ನಾವು. ಪ್ರತಿ ಊರಿಗೂ ನಾನು "ಹೌದಾ?" ಎಂದೆ. ಸಾಕ್ಷಿಗೆ ಫೋನಿನಲ್ಲಿ ವಿಡಿಯೋ ತೋರಿಸಿದ. ಮಸುಕು ಮಸುಕಾದ ಮೈದಾನ, ದೂರದಲ್ಲಿ ಯಾರೋ ಒಬ್ಬ ಚೆಂಡು ಹೊಡೆದು ಕೈ ಚಾಚಿ ಓಡುತ್ತಾನೆ, ಕ್ಯಾಮೆರಾಕ್ಕೆ ಬೆನ್ನು. ಅದು ಯಾರ ಬೆನ್ನಾದರೂ ಆಗಬಹುದಿತ್ತು.

"ಇಷ್ಟು ಒಳ್ಳೆ ಆಟಗಾರನನ್ನ ಎಲ್ಲಾ ಕಡೆ ಯಾಕೆ ಬಿಟ್ಟರು?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. "ಕೋಚ್ ಚೇಂಜ್, ಮೇಡಂ. ಕ್ಲಬ್ ಚೇಂಜ್" ಎಂದ. ಫೋನನ್ನು ಜೇಬಿಗೆ ಹಾಕಿಕೊಂಡು, "ಒನ್ ಮೋರ್ ಇಯರ್ ಹಿಯರ್. ಆಫ್ಟರ್ ದಿಸ್, ನೋ ಕ್ಲಬ್" ಎಂದ. ಬೆಂಗಳೂರಿನಲ್ಲಿ ಇನ್ನೊಂದು ವರ್ಷ ಸಿಕ್ಕರೆ ಆಟಗಾರ, ಸಿಗದಿದ್ದರೆ ಇಲ್ಲ. ಇದಕ್ಕಿಂತ ಕೆಳಗೆ ಇಳಿಯಲು ಅವನಿಗೆ ಇನ್ನು ಮೆಟ್ಟಿಲು ಉಳಿದಿರಲಿಲ್ಲ. ಇದೊಂದನ್ನು ಮಾತ್ರ ನಾನು ನಂಬಿದೆ.

ಅನುಮಾನ ನನಗೊಬ್ಬಳಿಗೇ ಅಲ್ಲ. ನಮ್ಮ ತಾರಸಿಯಿಂದ ರಕ್ಷಣಾ ಇಲಾಖೆಯ ಕ್ಯಾಂಪಸ್ಸಿನ ಗೋಡೆ ಕಾಣುತ್ತದೆ. ಅವನು ದಿನಾ ಸಂಜೆ ಅತ್ತ ಮುಖ ಮಾಡಿ ನಿಲ್ಲುತ್ತಾನೆಂದು ಎದುರು ಮನೆಯ ನಿವೃತ್ತರು ನನ್ನನ್ನು ಗೇಟಿನ ಬಳಿ ತಡೆದು ಹೇಳಿದರು. "ಫಾರಿನರ್ ಕಣ್ರಮ್ಮ. ಏನ್ ನೋಡ್ತಾನೋ ಏನೋ. ಹುಷಾರು." ನಾನು ಒಗೆದ ಬಟ್ಟೆ ತರುವ ನೆಪದಲ್ಲಿ ಹತ್ತಿ ನೋಡಿದೆ. ಅವನು ಕ್ಯಾಂಪಸ್ಸನ್ನೂ ನೋಡುತ್ತಿರಲಿಲ್ಲ, ಏನನ್ನೂ ನೋಡುತ್ತಿರಲಿಲ್ಲ. ಎಡಗಾಲನ್ನು ಪ್ಯಾರಾಪೆಟ್ಟಿನ ಮೇಲಿಟ್ಟು ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡಿದ್ದ. ನನ್ನನ್ನು ಕಂಡದ್ದೇ ಕಾಲಿಳಿಸಿ ನಕ್ಕ.

ಅಲ್ಲಿಂದ ನಾನು ಅವನ ಕಾಲಿನ ಹಿಂದೆ ಬಿದ್ದೆ. ಮಹಡಿಗೆ ಹೊರಗಿನಿಂದ ಮೆಟ್ಟಿಲು, ನಮ್ಮ ಅಡುಗೆಮನೆಯ ಕಿಟಕಿಗೆ ಅಂಟಿಕೊಂಡೇ ಇದೆ. ಒಬ್ಬನೇ ಇದ್ದಾಗ ಒಂದೊಂದು ಮೆಟ್ಟಿಲಿಗೂ ಬಲಗಾಲು ಮೊದಲು, ಆಮೇಲೆ ಎಡಗಾಲು ಬಂದು ಅದರ ಪಕ್ಕ ಸೇರಬೇಕು. ಕ್ಲಬ್ಬಿನವರು ಯಾರಾದರೂ ಜೊತೆಗಿದ್ದರೆ ಟಕಟಕನೆ ಹತ್ತುತ್ತಾನೆ. ಕುಂಟುವಂತೆ ನಟಿಸುವವರನ್ನು ನನ್ನ ಕೆಲಸದಲ್ಲಿ ಬೇಕಾದಷ್ಟು ನೋಡಿದ್ದೇನೆ. ಕುಂಟದಂತೆ ನಟಿಸುವವನನ್ನು ನೋಡಿದ್ದು ಇದೇ ಮೊದಲು. ಸಾಲದ್ದಕ್ಕೆ ದಿನಾ ಸಂಜೆ ನಮ್ಮ ಫ್ರಿಜ್ಜಿನ ಐಸೆಲ್ಲ ಅವನಿಗೇ ಬೇಕು. ಜ್ಯೂಸಿಗಂತೆ. "ಇಷ್ಟು ಬರಫ ಏನ್ ಮಾಡ್ತಾನ ಇಂವ, ಶರಬತ್ತಿನ ಅಂಗಡಿ ಇಟ್ಟಾನೇನು?" ಎಂದು ಗೊಣಗುತ್ತಲೇ ಅಮ್ಮ ಟ್ರೇ ತುಂಬಿಸಿಡುತ್ತಿದ್ದಳು.

ಒಂದು ದಿನ ಅಮ್ಮನನ್ನು ಕರೆದುಕೊಂಡು ಅವನ ಆಟ ನೋಡಲು ಹೋದೆ. ಆಟಕ್ಕಲ್ಲ, ತಪಾಸಣೆಗೆ. ನನ್ನ ಮುಂದಿನ ಸಾಲಿನಲ್ಲಿ ಶಿವಾಜಿನಗರದ ಕಡೆಯ ಹುಡುಗರು. "ಏನ್ ಮಗಾ, ಬ್ರೆಜಿಲ್ ಬ್ರೆಜಿಲ್ ಅಂತ ಕರ್ಕೊಂಡ್ಬಂದವ್ರೆ, ಇವ್ನು ಓಡೋದೇ ಇಲ್ವಲ್ಲೋ" ಎಂದ ಒಬ್ಬ. ನಿಜ, ಓಡುತ್ತಿರಲಿಲ್ಲ. ಉಳಿದವರೆಲ್ಲ ಚೆಂಡಿನ ಹಿಂದೆ ಬಿದ್ದು ಏದುಸಿರು ಬಿಡುತ್ತಿದ್ದರೆ ಇವನು ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದ. ತಿರುಗುವುದಿದ್ದರೆ ಬಲಕ್ಕೇ ತಿರುಗುತ್ತಿದ್ದ, ಎಡಕ್ಕೆ ಒಮ್ಮೆಯೂ ಇಲ್ಲ. ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಅಷ್ಟರಲ್ಲಿ ಚೆಂಡು ಎಲ್ಲಿಂದಲೋ ಸಿಡಿದು, ಅವನು ನಿಂತಿದ್ದಲ್ಲಿಗೇ ಬಂತು. ಬಲಗಾಲಿನಿಂದ ಸುಮ್ಮನೆ ಮುಟ್ಟಿದ. ಗೋಲ್ ಕೀಪರ್ ಒಂದು ಕಡೆ ಬಿದ್ದ, ಚೆಂಡು ಇನ್ನೊಂದು ಕಡೆ ಒಳಗೆ ಹೋಯಿತು. ಅದೇ ಹುಡುಗ ಎದ್ದು ನಿಂತು "ತಲೈವಾ!" ಎಂದು ಅರಚಿದ. ಕೈ ಚಾಚಿ ಓಡಿದವನ ಬೆನ್ನು ನೋಡಿದೆ. ವಿಡಿಯೋದ ಬೆನ್ನು ಅದೇ. ಅಷ್ಟು ಮಟ್ಟಿಗೆ ಅವನು ಹೇಳಿದ್ದು ನಿಜ ಎಂದು ಒಪ್ಪಿಕೊಂಡೆ, ಬೇಸರದಿಂದಲೇ.

ಕನ್ನಡದ ಅನುಮಾನ ಪರಿಹಾರವಾದದ್ದು ಕಚೇರಿಯಲ್ಲಿ. ಮಂಗಳೂರಿನ ಕಡೆಯ ಸಹೋದ್ಯೋಗಿಯೊಬ್ಬರಿಗೆ ಬಟಾಟೆಯ ಕತೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ಅವರದ್ದೇ ಮಾತು ಮಾರಾಯ್ರೆ. ಬಟಾಟೆ, ಚಾವಿ, ಮೇಜು, ಸಾಬೂನು, ಎಲ್ಲ ಪೋರ್ಚುಗೀಸರು ಬಿಟ್ಟುಹೋದದ್ದು. ಬ್ರೆಜಿಲ್‌ನಲ್ಲಿ ಮಾತಾಡೋದೂ ಅದನ್ನೇ. ಅವನಿಗೆ ಕನ್ನಡ ಬರೋದಲ್ಲ, ನಿಮ್ಮ ಅಮ್ಮನಿಗೆ ಪೋರ್ಚುಗೀಸ್ ಬರ್ತದೆ!" ನನಗೆ ಎಷ್ಟು ನಿರಾಳವಾಯಿತೆಂದರೆ, ಆವತ್ತಿನಿಂದ ಅವನೆದುರಿಗೇ ಬಾಯಿ ಬಿಚ್ಚಿ ಮಾತಾಡತೊಡಗಿದೆ.

"ಅಮ್ಮಾ, ಇವನ ಮೊಣಕಾಲು ಹೋಗಿದೆ. ಮುಚ್ಚಿಟ್ಕೊಂಡು ಕ್ಲಬ್ಬಿಗೆ ಟೋಪಿ ಹಾಕ್ತಿದಾನೆ. ಕಳ್ಳ" ಎಂದೆ ಒಂದು ಭಾನುವಾರ, ಅವನಿಗೆ ಸಾರು ಬಡಿಸುತ್ತಲೇ.

"ಮಣಕಾಲು ನನ್ನವೂ ಹೋಗ್ಯಾವ. ಹಂಗಾರ ನಾನೂ ಕಳ್ಳಿ ಏನು?" ಎಂದಳು ಅಮ್ಮ.

ಅವನು ತಟ್ಟೆ ನೋಡುತ್ತಾ ಉಣ್ಣುತ್ತಿದ್ದ. ಭಾಷೆ ಬಾರದವರು ಮಾತಾಡುವವರ ಮುಖವನ್ನೇ ನೋಡುತ್ತಾರೆ, ಇದು ನನಗೆ ಗೊತ್ತಿರುವ ಸಂಗತಿ. ಇವನು ಒಮ್ಮೆಯೂ ತಲೆ ಎತ್ತಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಆದರೆ ಒಮ್ಮೆ ಮುಚ್ಚಿದ ಕೇಸನ್ನು ಮತ್ತೆ ತೆರೆಯಲು ಯಾರಿಗೂ ಮನಸ್ಸಿರುವುದಿಲ್ಲ.

ಸೀಸನ್ ಮುಗಿಯುವ ಹೊತ್ತಿಗೆ ಬಿಸಿಲು ಬಲಿತಿತ್ತು. ಅಮ್ಮ ತಾರಸಿಯಲ್ಲಿ ಸಂಡಿಗೆ ಒಣಹಾಕಿದ್ದಳು. ಒಂದು ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಅಮ್ಮ ಮೆಟ್ಟಿಲಿಳಿಯುತ್ತಿದ್ದಾಳೆ, ಅವನು ಸಂಡಿಗೆಯ ಮೊರವನ್ನು ಒಂದು ಕೈಯಲ್ಲಿ ಹಿಡಿದು ಅವಳ ಪಕ್ಕ. ಇಳಿಯುವಾಗ ನೋವಿರುವ ಕಾಲು ಮೊದಲು ಎಂದು ತನ್ನ ಎಡಗಾಲನ್ನೇ ಮುಂದಿಟ್ಟು ತೋರಿಸಿಕೊಡುತ್ತಿದ್ದ. ಅಮ್ಮ ಇಟ್ಟಳು. ಇಬ್ಬರೂ ಒಂದೊಂದೇ ಮೆಟ್ಟಿಲು ನಿಂತು ನಿಂತು ಇಳಿದರು. ನನ್ನಿಂದ, ಕ್ಲಬ್ಬಿನಿಂದ, ಇಡೀ ಊರಿನಿಂದ ಮುಚ್ಚಿಟ್ಟ ನೋವನ್ನು ಅವನು ಅವಳಿಗೆ ಪಾಠ ಹೇಳಲು ಹೊರಗೆ ತೆಗೆದಿದ್ದ. ಇನ್ನೊಂದು ವರ್ಷ ಇವನಿಗೆ ಸಿಗಲಿ ಎಂದು ಮೊದಲ ಸಲ ಅನ್ನಿಸಿತು. ಯಾರಿಗೂ ಹೇಳಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಮ್ಯಾನೇಜರು ಸ್ಕೂಟರಿನಲ್ಲಿ ಬಂದರು. ಅವನು ನಮ್ಮಲ್ಲೇ ಚಹಾ ಕುಡಿಯುತ್ತಿದ್ದ. ಅವನ ಬೆನ್ನು ತಟ್ಟಿ, ಅವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಶುರುಮಾಡಿದರು. "ಮೇಡಂ, ನೇರವಾಗೇ ಕೇಳ್ತೀನಿ. ಮುಂದಿನ ವರ್ಷಾನೂ ಇವ್ನನ್ನೇ ಇಟ್ಕೊಳ್ಳೋಣ ಅಂತ ನಂಗಾಸೆ. ಕಮಿಟಿಯೋರಿಗೆ ಇವ್ನ ಮೊಣಕಾಲಿನ ಮೇಲೆ ಡೌಟು. ಗ್ರೌಂಡಲ್ಲಿ ಏನೂ ಗೊತ್ತಾಗಲ್ಲ. ಮನೇಲಿ ಹೇಗಿರ್ತಾನೆ? ಮೆಟ್ಲು ಹತ್ತೋವಾಗ ಕುಂಟ್ತಾನಾ? ನೀವು ಇನ್ಶೂರೆನ್ಸ್‌ನೋರು. ನೀವ್ ಏನ್ ಹೇಳ್ತೀರೋ ಅದೇ ಫೈನಲ್."

ಉತ್ತರ ನನ್ನಲ್ಲಿ ಸಿದ್ಧವಿತ್ತು. 'ಇಲ್ಲವಲ್ಲ, ಚೆನ್ನಾಗೇ ಹತ್ತುತ್ತಾರೆ.' ಇಷ್ಟು ವರ್ಷ ಬೇರೆಯವರ ಸುಳ್ಳು ಹಿಡಿದು ಬದುಕಿದವಳು ಒಂದು ಸುಳ್ಳು ಹೇಳಲು ಹೊರಟಿದ್ದೆ. ಅಭ್ಯಾಸವಿಲ್ಲ ನೋಡಿ, ಬಾಯಿ ಒಣಗಿತು. ಒಂದು ಗುಟುಕು ಚಹಾ ಕುಡಿದೆ.

ಆ ಗುಟುಕಿನಲ್ಲೇ ಎಲ್ಲ ಆಗಿಹೋಯಿತು. ಅವನು ಲೋಟ ಕೆಳಗಿಟ್ಟ. "ಮೈ ಫೋನ್. ಒನ್ ಮಿನಿಟ್" ಎಂದು ಎದ್ದು ಹೊರಗೆ ಹೋದ. ಹೋದವನು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹಾರಿ ಹತ್ತಿದ, ಎಡಗಾಲು, ಬಲಗಾಲು, ಎಡಗಾಲು. ಮ್ಯಾನೇಜರು ಬಾಗಿಲಲ್ಲಿ ನಿಂತು ನೋಡಿ ತೊಡೆ ತಟ್ಟಿದರು. "ನೋಡಿ ಮೇಡಂ! ಏನ್ ಗುರು ಇದು, ಒಳ್ಳೇ ಜಿಂಕೆ! ನಿಮ್ಮನ್ನ ಕೇಳ್ಬೇಕಾಗೇ ಇರ್ಲಿಲ್ಲ." ನಾಳೆಯೇ ಸಹಿ ಹಾಕಿಸುತ್ತೇನೆಂದು ಹೇಳಿ, ಖುಷಿಯಲ್ಲಿ ಚಹಾ ಅರ್ಧಕ್ಕೇ ಬಿಟ್ಟು ಹೊರಟುಹೋದರು.

ಅವನು ಕೆಳಗೆ ಬರಲಿಲ್ಲ. ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿದ ಮೇಲೆ ಮೆಟ್ಟಿಲ ತುದಿಯಿಂದ ಒಂದು ದನಿ ಬಂತು. ಬೆಂಗಳೂರಿನ ಕನ್ನಡವಲ್ಲ, ನಮ್ಮಮ್ಮನ ಕನ್ನಡ.

"ಅಕ್ಕಾರ, ಸ್ವಲ್ಪ ಬರಫ ತರ್ತೀರೇನ್ರಿ? ಇಳಿಲಿಕ್ಕೆ ಆಗವಲ್ದು."

ಫ್ರಿಜ್ಜಿನ ಬಾಗಿಲು ತೆರೆದುಕೊಂಡು ಎಷ್ಟು ಹೊತ್ತು ನಿಂತೆನೋ. ಬಟಾಟೆ, ಟೋಪಿ, ಕಳ್ಳ, ಆಡಿದ್ದೆಲ್ಲ ಒಂದೊಂದಾಗಿ ನೆನಪಾಗಿ ಕಿವಿ ಬಿಸಿಯಾಯಿತು. ಹತ್ತಿ ಹೋದೆ. ಮೇಲಿನ ಮೆಟ್ಟಿಲಲ್ಲಿ ಕಾಲು ಚಾಚಿ ಕೂತಿದ್ದ, ಹಣೆಯ ತುಂಬ ಬೆವರು. ಐಸನ್ನು ಮೊಣಕಾಲಿಗೆ ಒತ್ತಿಕೊಂಡು ಅವನೇ ಹೇಳಿದ. ಯಾವ ದೇಶಕ್ಕೆ ಹೋದರೂ ಮೊದಲು ಮೂರು ಮಾತು ಕಲಿಯುತ್ತಾನಂತೆ: ಮೊಣಕಾಲು, ಮುದುಕ, ಮುಂದಿನ ವರ್ಷ. ಆಮೇಲೆ ಉಳಿದದ್ದು ತಾನೇ ಬರುತ್ತದಂತೆ. ಬರುತ್ತದೆ ಎಂದು ಯಾರಿಗೂ ತೋರಿಸಬಾರದು. "ಎಲ್ಲಾ ಕಡೆ ನನ್ನ ಬಾಜೂ ಕೂತೇ ಮಾತಾಡ್ತಾರ್ರಿ, ಇಟ್ಕೋಬೇಕೋ ಬಿಡಬೇಕೋ ಅಂತ."

ನನಗೆ ತಡೆಯಲಾಗಲಿಲ್ಲ. "ನಾನು ಚೆನ್ನಾಗೇ ಹತ್ತುತ್ತಾರೆ ಅಂತಾನೇ ಹೇಳೋಳಿದ್ದೆ. ನಿಜವಾಗ್ಲೂ. ಬಾಯಿ ತೆಗೆದಿದ್ದೆ. ನೀವು ಕಾಯಲಿಲ್ಲ" ಎಂದೆ.

ಅವನು ಈ ಸಲ ತಲೆ ಎತ್ತಿ ನನ್ನ ಮುಖ ನೋಡಿದ. ನಾನು ಕಚೇರಿಯಲ್ಲಿ ಎದುರು ಕೂತವರನ್ನು ನೋಡುವ ಹಾಗೆಯೇ, ಸಿಟ್ಟಿಲ್ಲದೆ, ಸಮಾಧಾನವಾಗಿ.

"ಹೌದೇನ್ರಿ?" ಎಂದ.

ನಾನು ಐಸಿನ ಪಾತ್ರೆಯನ್ನು ಅವನ ಪಕ್ಕದಲ್ಲಿಟ್ಟು ಕೆಳಗಿಳಿದು ಬಂದೆ.