ಗಾಜಿನ ಕವಚ, ಒದ್ದೆಯಾಗದ ಬಟ್ಟೆ

ಅಳುವ ಮಗು ಸುಮ್ಮನಾಯಿತೆಂದರೆ ಅದರ ಹೊಟ್ಟೆ ತುಂಬಿತೆಂದೇ ಅರ್ಥವೆ? ಓದುಗರೇ, ಹೌದೆನ್ನಲು ಅವಸರಪಡಬೇಡಿ. ನಾನೊಮ್ಮೆ ಹೌದೆಂದು ವಾದಿಸಿ ಗೆದ್ದವನು. ಸೋತಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೊನ್ನೆ ಅರಸೀಕೆರೆಯ ಔಷಧದಂಗಡಿಯಲ್ಲಿ ಯುವಕನೊಬ್ಬ ತಗ್ಗಿದ ದನಿಯಲ್ಲಿ ನಿಪ್ಪಲ್ ಶೀಲ್ಡ್, ಅಂದರೆ ಹಾಲೂಡಿಸುವಾಗ ಮೊಲೆತೊಟ್ಟಿನ ಮೇಲಿಡುವ ಕವಚ, ಕೇಳಿದ. ಅಂಗಡಿಯವರು ಕಾಗದದಲ್ಲಿ ಸುತ್ತಿ ಕೊಟ್ಟರು. ಹೊಸ ರಬ್ಬರಿನ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಹಾರನಹಳ್ಳಿಯ ನಮ್ಮ ಮನೆಯ ಬಾಣಂತಿ ಕೋಣೆಯ ಹೊಸ್ತಿಲಲ್ಲಿದ್ದೆ.

ಆಗತಾನೆ ಬಿ.ಎ. ಮುಗಿಸಿ, ಚರ್ಚಾಸ್ಪರ್ಧೆಯ ಎರಡು ಬಹುಮಾನಗಳೊಡನೆ ಊರನ್ನು ತಿದ್ದಲು ಬಂದಿದ್ದೆ. ಊರು ದೊಡ್ಡದಾದ್ದರಿಂದ ಮನೆಯಿಂದಲೇ ಆರಂಭಿಸಿದೆ. ತಂಗಿ ಶಾರದೆ ಚೊಚ್ಚಲ ಬಾಣಂತಿ. ಮೊಲೆತೊಟ್ಟು ಒಡೆದು, ಮಗು ಬಾಯಿಟ್ಟರೆ ಸಾಕು, ಗೋಡೆಗೆ ಮುಖ ತಿರುಗಿಸಿ ಅಳುತ್ತಿದ್ದಳು. ಅಮ್ಮ ಅವಳ ಹಾಲು ಹಿಂಡಿ, ಮೂತಿಯಿರುವ ಪುಟ್ಟ ಬಟ್ಟಲಾದ ಒಳಲೆಯಲ್ಲಿ ಮಗುವಿಗೆ ಕುಡಿಸುತ್ತಿದ್ದಳು. ಮೂರು ತಲೆಮಾರು ಕುಡಿದ ಆ ಬೆಳ್ಳಿಯ ಒಳಲೆ ನನ್ನ ವಿದ್ಯಾವಂತ ಕಣ್ಣಿಗೆ ಕ್ರಿಮಿಗಳ ಸಂತೆಯಾಗಿ ಕಂಡಿತು. ಅದನ್ನು ಅಟ್ಟಕ್ಕೇರಿಸಿ, ಗಾಜಿನ ಬಟ್ಟಲಿಗೆ ರಬ್ಬರಿನ ತೊಟ್ಟು ಸಿಕ್ಕಿಸಿದ ಕವಚವನ್ನು ಪೇಟೆಯಿಂದ ತಂದೆ. ಪ್ರತಿ ಬಾರಿಯೂ ಕುದಿಸಿಕೊಡುತ್ತಿದ್ದೆ; ಅದೊಂದನ್ನು ಮಾತ್ರ ಸರಿಯಾಗಿ ಮಾಡಿದೆ.

ಶಾರದೆಯ ನೋವು ಇಳಿಯಿತು. ಮಗು ಚೀಪುತ್ತ ಚೀಪುತ್ತಲೇ ಕಣ್ಣು ಮುಚ್ಚುತ್ತಿತ್ತು. ಮೂರನೆಯ ದಿನ ಅಮ್ಮ, "ಇದು ನಿದ್ದೆ ಅಲ್ಲ ಕಣೋ, ಸುಸ್ತು" ಎಂದಳು. ನಾನು ಮೂರು ಕಾರಣಗಳನ್ನು ಕೊಟ್ಟು ಖಂಡಿಸಿದೆ. ಅಮ್ಮ ಸುಮ್ಮನಾದಳು. ಸುಮ್ಮನಾದವರೆಲ್ಲ ಒಪ್ಪಿದವರೆಂದೇ ಆಗ ನನ್ನ ಲೆಕ್ಕ.

ಮರುದಿನ ಮಧ್ಯಾಹ್ನ ಅವಳು ನನ್ನನ್ನು ಹಿತ್ತಲಿನ ಹಗ್ಗದ ಬಳಿಗೆ ಕರೆದೊಯ್ದಳು. "ಮಗು ಬೆಳಗಿಂದ ಒಂದೇ ಬಟ್ಟೆ ಒದ್ದೆ ಮಾಡಿರೋದು. ಹೊಟ್ಟೆಗೆ ಹಾಲು ಹೋಗಿದ್ರೆ ಹೀಗಾಗುತ್ತಾ? ಇದಕ್ಕೇನು ಹೇಳ್ತೀಯೋ, ಹೇಳು."

ಹಗ್ಗದ ಮೇಲೆ ಒಂದೇ ಒಂದು ಬಟ್ಟೆ ತೂಗುತ್ತಿತ್ತು. ಒಳಗೆ ಓಡಿ ಮಗುವಿನ ಅಂಗಾಲು ತಟ್ಟಿದೆ. ಅದು ಕಣ್ಣು ತೆರೆಯಲಿಲ್ಲ, ತುಟಿ ಒಣಗಿತ್ತು. ಊರಿನ ನರ್ಸಮ್ಮನನ್ನು ಸೈಕಲ್ಲಿನಲ್ಲಿ ಕರೆತರುವ ದಾರಿಯುದ್ದಕ್ಕೂ, ಮಗುವನ್ನು ಹೂಳುವಷ್ಟು ಸಣ್ಣ ಗುಂಡಿಯೊಂದು ಕಣ್ಣ ಮುಂದೆ ಬರುತ್ತಿತ್ತು.

ನರ್ಸಮ್ಮ ಕವಚವನ್ನು ಬೆಳಕಿಗೆ ಹಿಡಿದು, ಇದನ್ನು ತಂದವರಾರೆಂದು ಕೇಳಿದರು. ನಾನೇ ಎಂದೆ.

"ನೀವು ಎಷ್ಟು ಮಕ್ಕಳಿಗೆ ಹಾಲು ಕುಡಿಸಿದ್ದೀರಿ, ಸ್ವಾಮಿ?"

ಕವಚ ಶಾರದೆಗೆ ಬಿಗಿಯಾಗಿತ್ತು. ಹಾಲು ಇಳಿಯದೆ ಮಗು ಬರೀ ರಬ್ಬರನ್ನು ಚೀಪುತ್ತಿತ್ತು. "ಒಳಲೆ ಎಲ್ಲಿ?" ಎಂದರು. ಅಟ್ಟ ಹತ್ತಿದೆ. ಕವಚ ಕುದಿಸುತ್ತಿದ್ದ ಪಾತ್ರೆಯಲ್ಲೇ ಅದನ್ನೂ ಕುದಿಸಿದರು. ಅಷ್ಟು ಸರಳ ಪರಿಹಾರ ನನ್ನ ಮೂರು ಕಾರಣಗಳಲ್ಲಿ ಇರಲಿಲ್ಲ. ಹಿಂಡಿದ ಹಾಲು ಹನಿಹನಿಯಾಗಿ ಒಳಗಿಳಿಯಿತು. ಸಂಜೆಯೊಳಗೆ ಬಟ್ಟೆ ಒದ್ದೆಯಾಗದಿದ್ದರೆ ಹಾಸನದ ಆಸ್ಪತ್ರೆಗೆ ಹೊರಡಬೇಕೆಂದರು. ಗಾಡಿ ಹೂಡಿಸಿ ಬಾಗಿಲಲ್ಲಿ ನಿಲ್ಲಿಸಿದೆವು.

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ, ಮಗುವನ್ನು ಮಲಗಿಸಿಕೊಂಡಿದ್ದ ನನ್ನ ಮಡಿಲು ಒದ್ದೆಯಾಯಿತು. ಯಾವ ಬಹುಮಾನವೂ ಅಷ್ಟು ಬೆಚ್ಚಗಿರಲಿಲ್ಲ.

ನರ್ಸಮ್ಮ ಕವಚವೇ ಕೂಡದೆನ್ನಲಿಲ್ಲ. ಅಗಲವಾದದ್ದೊಂದನ್ನು ಕೊಟ್ಟು, ಕುಡಿಸಿದ ಮೇಲೆ ಉಳಿದ ಹಾಲನ್ನು ಹಿಂಡಬೇಕೆಂದೂ, ಗಾಯ ಮಾಯುತ್ತ ಬಂದಂತೆ ಕವಚವಿಲ್ಲದೆ ಪ್ರಯತ್ನಿಸಬೇಕೆಂದೂ ಕಲಿಸಿದರು. ಎರಡು ವಾರದಲ್ಲಿ ಅದು ಬೇಡವಾಯಿತು.

ಮೊನ್ನೆ ಕವಚ ಕೊಂಡ ಆ ಯುವಕನನ್ನು ಔಷಧದಂಗಡಿಯ ಮೆಟ್ಟಿಲ ಬಳಿ ತಡೆದೆ. ಭಾಷಣ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಇವತ್ತು ಎಷ್ಟು ಬಟ್ಟೆ ಒದ್ದೆಯಾಗಿದೆಯೆಂದಷ್ಟೇ ಕೇಳಿದೆ. "ನೋಡಿಲ್ಲ ಸಾರ್" ಎಂದವನ ಮುಖ ಬಿಳುಚಿತು. ಬಾಣಾವರದ ಬಸ್ಸಿಗೆ ಓಡಿದ.

ನಿಮ್ಮ ಮನೆಯ ಬಾಣಂತಿ ಕವಚ ಬಳಸುತ್ತಿದ್ದರೆ ಅದನ್ನು ಕುದಿಸಿ, ನರ್ಸಮ್ಮನಿಗೆ ತೋರಿಸಿ, ಮಗುವನ್ನು ತೂಗಿಸಿ. ಈಗಲೇ ಎದ್ದು ಹೋಗಿ, ಹಗ್ಗದ ಮೇಲಿನ ಬಟ್ಟೆಗಳನ್ನು ಎಣಿಸಿ.