ಕಿಟಕಿಯ ಪಕ್ಕದ ಜಗಲಿ

ಕಾಲೇಜಿಗೆ ಸೇರಿದಾಗ ಸೊಲ್ಬಿಗೆ ಇಪ್ಪತ್ಮೂರು. ಅದಕ್ಕೆ ಮೊದಲು ನಾಲ್ಕು ವರ್ಷ ಬಂದರು ಊರಾದ ಗುನ್ಸಾನಿನಲ್ಲಿ ಅಪ್ಪನ ಜೊತೆ ಮನೆಗಳ ಗೋಡೆಗೆ ಕಾಗದ ಅಂಟಿಸುತ್ತಿದ್ದಳು. ಅಪ್ಪನದು ಮಾತು ಕಡಿಮೆ. ಕೈಸನ್ನೆಯಲ್ಲೇ ದಿನ ಸಾಗುತ್ತಿತ್ತು. ಹಾಗಾಗಿ ಒಳಾಂಗಣ ವಿನ್ಯಾಸದ ತರಗತಿಯಲ್ಲಿ ಎಲ್ಲವನ್ನೂ ಗುಂಪಿನಲ್ಲೇ ಮಾಡಬೇಕೆಂದಾಗ ಅವಳು ಕೊನೆಯ ಬೆಂಚಿಗೆ ಸರಿದು ಕೂತಳು.

ಎರಡನೇ ವರ್ಷ ಅವಳಿದ್ದ ನಾಲ್ವರ ಗುಂಪಿಗೆ ಬಂದರಿನ ಹಿಂದಿನ ಬೀದಿಯ ಅಜ್ಜಿಯರು ದಿನವೂ ಸೇರುವ ಕೋಣೆಯನ್ನು ಹೊಸದಾಗಿಸುವ ಕೆಲಸ ಬಂತು. ಮುಂದಾಳು ಗ್ಯುರಿ, ಇಪ್ಪತ್ತರ ಚುರುಕು ಹುಡುಗಿ. ಬಿಳಿ ಗೋಡೆ, ಎತ್ತರದ ಮೇಜು, ಹನ್ನೆರಡು ಕುರ್ಚಿ ಎಂದು ಒಂದೇ ದಿನದಲ್ಲಿ ಕಂಪ್ಯೂಟರಿನಲ್ಲಿ ಬಿಡಿಸಿಬಿಟ್ಟಿದ್ದಳು. ಅಳತೆ ತರಲು ಸೊಲ್ಬಿ ಹೋದಳು.

ಅಜ್ಜಿಯರು ಅಡಿಯ ಬಿಸಿನೀರಿನ ಕೊಳವೆಯಿಂದ ಬೆಚ್ಚಗಾದ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. "ಟೇಪು ಆಮೇಲೆ ಎಳೀವಂತೆ, ಬಾ ಕೂತ್ಕೋ," ಎಂದು ಹ್ವಾಂಗ್ ಅಜ್ಜಿ ಬೋಗುಣಿ ಮುಂದೆ ತಳ್ಳಿದಳು. ಹೊರಗೆ ಸದ್ದಾದಾಗಲೆಲ್ಲ ಯಾರೋ ಒಬ್ಬಳು ಮಂಡಿ ಹಿಡಿದುಕೊಂಡು ಎದ್ದು ಕಿಟಕಿಯಲ್ಲಿ ಇಣುಕುತ್ತಿದ್ದಳು.

"ಯಾರೇ ಅದು?"

"ಮೀನಿನ ಗಾಡಿ."

"ಅಷ್ಟಕ್ಕೆ ಎದ್ಯಾ? ನಾನೂ ಏಳೋಕೆ ಹೊರಟಿದ್ದೆ!"

ಕಾಲೇಜಿಗೆ ಮರಳಿದ ಸೊಲ್ಬಿ ಗ್ಯುರಿಗೆ ಮೆಲ್ಲಗೆ ಹೇಳಿದಳು: "ಕುರ್ಚಿ ಬೇಡ. ಅವ್ರು ಆ ಬಿಸಿ ನೆಲ ಬಿಟ್ಟು ಬರಲ್ಲ."

"ಅಕ್ಕಾ, ಮಂಡಿ ನೋವಿನವ್ರನ್ನ ಮತ್ತೆ ನೆಲದ ಮೇಲೇ ಕೂರಿಸ್ತೀರಾ? ನಮ್ಮಜ್ಜಿ ಏಳ್ಬೇಕಂದ್ರೆ ಇಬ್ರು ಹಿಡೀಬೇಕು."

ಅದೂ ನಿಜವೇ. ಹಿಂದೆಲ್ಲ ಆಗಿದ್ದರೆ ಸೊಲ್ಬಿ ಅಲ್ಲಿಗೆ ಸುಮ್ಮನಾಗುತ್ತಿದ್ದಳು. ಅಂದು ಮಾತ್ರ, "ನಾಳೆ ನೀನೂ ಬಾ. ಬೆಳ್ಳುಳ್ಳಿ ಇನ್ನೊಂದು ಮೂಟೆ ಇದೆ," ಎಂದಳು.

ಮರುದಿನ ಗ್ಯುರಿ ನೆಲದ ಮೇಲೆ ಕೂತು ಕಿಟಕಿ ನೋಡಿದಳು. ಬೀದಿ ಕಾಣಲಿಲ್ಲ, ಬರೀ ಆಕಾಶ ಕಂಡಿತು. ಒಂದು ಗಡ್ಡೆ ಸುಲಿದು ಮುಗಿಸಿದಳು. ಆಮೇಲೆ, "ನೆಲಾನೇ ಮೇಲೆತ್ತಿದ್ರೆ?" ಎಂದಳು.

"ಕಿಟಕಿ ಉದ್ದಕ್ಕೂ ಜಗಲಿ!" ಸೊಲ್ಬಿಯ ದನಿ ತಾನಾಗಿಯೇ ಏರಿತು. "ಮಂಡಿ ಎತ್ತರಕ್ಕೆ. ಒಳಗೆ ಬಿಸಿನೀರಿನ ಕೊಳವೆ. ಮಂಡಿ ನೋವಿದ್ದೋರು ಕಾಲು ಇಳಿಬಿಟ್ಟು ಕೂರ್ಲಿ, ಉಳಿದೋರು ಮೇಲೆ ಚಕ್ಕಳಮಕ್ಕಳ ಹಾಕ್ಲಿ."

ಆ ಕೋಣೆ ನೋಡಿಕೊಳ್ಳುವ ವಾರ್ಡಿನ ಕಚೇರಿ ಒಪ್ಪಿತು. ಬಡಗಿ, ಕೊಳವೆ ಕೆಲಸದವರು ಬಂದು ಹೋದರು. ಕಾಗದ ಅಂಟಿಸುವುದನ್ನು ಗುಂಪೇ ಇಟ್ಟುಕೊಂಡಿತು. ಗ್ಯುರಿಯ ಮೊದಲ ಹಾಳೆ ಮುದುರಿ ಸುಕ್ಕಾಯಿತು.

"ಇದೇನು ಗೋಡೆಯೋ ನನ್ನ ಮುಖವೋ?" ಎಂದಳು ಹ್ವಾಂಗ್ ಅಜ್ಜಿ.

ಸೊಲ್ಬಿ ನಗುತ್ತಲೇ ಹಾಳೆ ಕಿತ್ತು, ಅಂಟು ಎಷ್ಟು ಹಚ್ಚಬೇಕು, ಕುಂಚ ಎಲ್ಲಿಂದ ಎಳೆಯಬೇಕು ಎಂದು ಹೇಳಿಕೊಟ್ಟಳು. ಸಂಜೆಯಾಗುವಷ್ಟರಲ್ಲಿ ಅಪ್ಪನ ಜೊತೆಗಿನ ನಾಲ್ಕು ವರ್ಷದಲ್ಲಿ ಆಡದಷ್ಟು ಮಾತು ಆಡಿಬಿಟ್ಟಿದ್ದಳು.

ತರಗತಿಯಲ್ಲಿ ಅವರಿಗೆ ಎರಡನೇ ಸ್ಥಾನ ಸಿಕ್ಕಿತು. ಗ್ಯುರಿ ಅರ್ಧ ದಿನ ಮುಖ ಊದಿಸಿಕೊಂಡಳು. ಅತ್ತ ಅಜ್ಜಿಯರು ಬೀದಿ ಪೂರ್ತಿ ಕಾಣುವ ಜಗಲಿ ತುದಿಯ ಜಾಗಕ್ಕಾಗಿ ಜಗಳ ಶುರುಮಾಡಿದ್ದರು.

ಮುಂದಿನ ಕೆಲಸಕ್ಕೆ ಜೊತೆಗಾರರನ್ನು ತಾವೇ ಆರಿಸಿಕೊಳ್ಳಬಹುದಿತ್ತು. ಸೊಲ್ಬಿ ಯಾರನ್ನೂ ಕೇಳದೆ ಚೀಟಿಯಲ್ಲಿ ತನ್ನ ಮತ್ತು ಗ್ಯುರಿಯ ಹೆಸರು ಬರೆದಳು.

"ಒಂದು ಮಾತು ಕೇಳೋದಲ್ವಾ ಅಕ್ಕಾ!"

"ಬರಲ್ಲ ಅಂತಿದ್ಯಾ?"

"ಹಾಗೆಲ್ಲಿ ಅಂದೆ?" ಎಂದು ಗ್ಯುರಿ ತಾನೇ ಚೀಟಿ ಕಿತ್ತುಕೊಂಡು ಮೇಷ್ಟರಿಗೆ ಕೊಟ್ಟು ಬಂದಳು.