ತಕ್ಕಡಿಯ ಪಿಕಪ್

ಹಲ್ಲುಜ್ಜುವ ಬ್ರಷ್ಷು ಭಾರವಾಯಿತೆಂದು ಅದರ ಹಿಡಿಯನ್ನು ಅರ್ಧಕ್ಕೆ ಕೊಯ್ದ ಮಹಾಪುರುಷ ಭೂಮಂಡಲದಲ್ಲಿ ಒಬ್ಬನೇ. ಬೀದಿಯವರು ಆ ಮೆಕ್ಯಾನಿಕ್ಕನನ್ನು ತಕ್ಕಡಿ ಎಂದು ಕರೆಯುತ್ತಿದ್ದರು. ಹಿಂದಿನ ವೀರರು ವೈರಿಗಳ ತಲೆ ಇಳಿಸಿದರೆ ಈತ ಕಂಡಕಂಡದ್ದರ ತೂಕ ಇಳಿಸಿದ. ಸೌಟಿನ ಹಿಡಿಗೆ ತೂತು ಕೊರೆದ. ಮದುವೆ ಫೋಟೊದ ಗಾಜು ಕಳಚಿದ. "ಸುಮ್ನೆ ಗೋಡೆಗ್ಯಾಕೆ ಭಾರ?" ಎಂದು ಅವನು ಕೇಳಿದಾಗ ಗೋಡೆಯೇ ನಿಟ್ಟುಸಿರು ಬಿಟ್ಟಿತೆಂದು ಪ್ರತೀತಿ.

ಇಂಥ ವೀರನ ಕೈಗೆ ಮಾವನ ಹಳೇ ಕಾಲದ ಪಿಕಪ್ ಸಿಕ್ಕಿತು. ಮಾವ ತೀರಿಕೊಂಡ ಮೇಲೆ ಹೆಂಡತಿಯ ಪಾಲಿಗೆ ಬಂದ ಗಾಡಿ ಅದು. ಅಪ್ಪನ ಪಕ್ಕದ ಸೀಟಿನಲ್ಲಿ ಕೂತೇ ಅವಳು ಬೆಳೆದವಳು. ಶಾಲೆಗೆ, ಆಸ್ಪತ್ರೆಗೆ, ಕೊನೆಗೆ ಗಂಡನ ಮನೆಗೂ ಅದರಲ್ಲೇ ಬಂದವಳು.

"ಇದನ್ನ ಹೊಸದು ಮಾಡ್ತೀನಿ, ನೋಡ್ತಿರು. ಮೊದಲ ಸವಾರಿ ನಿಂಗೇನೇ," ಎಂದು ತಕ್ಕಡಿ ಗಾಡಿಯನ್ನು ಶೆಡ್ಡಿಗೆ ತಳ್ಳಿದ.

ಆ ಮಾತನ್ನು ಗಂಟು ಕಟ್ಟಿಕೊಂಡು ಅವಳು ಕಾದಳು. ಅವಳು ಟೈಲರ್. ಗಾಡಿ ಶೆಡ್ಡು ಸೇರುವ ಮೊದಲೇ ಗುಟ್ಟಾಗಿ ತಾನು ಕೂರುತ್ತಿದ್ದ ಆ ಸೀಟಿನ ಅಳತೆ ತೆಗೆದುಕೊಂಡಿದ್ದಳು. ಗಂಡ ಹಳೇ ಇಂಜಿನ್ ಕಿತ್ತು ಹೊಸ ಟರ್ಬೊ ಇಂಜಿನ್ ಕೂರಿಸುವಾಗ ಅವಳು ಸೀಟಿನ ಕವರಿಗೆ ಬಟ್ಟೆ ಕತ್ತರಿಸಿದಳು. ಅವನು ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕುವಾಗ ಅಂಚಿಗೆ ಎರಡೆರಡು ಹೊಲಿಗೆ ಹಾಕಿದಳು. ಊಟ ತಂದರೆ ತಕ್ಕಡಿ ಬಾಗಿಲಲ್ಲೇ ತಟ್ಟೆ ಇಸಿದುಕೊಳ್ಳುತ್ತಿದ್ದ. "ಮುಗೀಲಿ, ಆಮೇಲೆ ನೋಡುವಂತೆ."

ಪಕ್ಕದಂಗಡಿಯ ವೆಲ್ಡರ್ ಕಿಚಾಯಿಸುತ್ತಿದ್ದ: "ಅಕ್ಕಾ, ಹುಷಾರು! ತೂಕ ಜಾಸ್ತಿ ಅಂತ ಒಂದಿನ ನಿಮ್ಮನ್ನೂ ಬಿಚ್ಚಿಟ್ಟಾನು."

"ನನ್ನ ಬೋಲ್ಟನ್ನ ನಮ್ಮಪ್ಪ ಗಟ್ಟಿಯಾಗೇ ಬಿಗಿದು ಕಳ್ಸಿದಾರೆ, ಬಿಡಪ್ಪಾ."

ಕೊನೆಗೊಂದು ಬೆಳಿಗ್ಗೆ ಶೆಡ್ಡಿನೊಳಗಿಂದ ಗರ್ಜನೆ ಹೊರಟಿತು. ಕಿಟಕಿಗಳು ನಡುಗಿದವು, ನಾಯಿಗಳು ಬಾಲ ಮುದುರಿದವು, ಬೀದಿಗೆ ಬೀದಿಯೇ ನೆರೆಯಿತು. ಪಿಕಪ್ ಹೊರಬಂದು ನಿಂತಿತು. ಅವಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಮಡಚಿದ ಕವರನ್ನು ಕಂಕುಳಲ್ಲಿಟ್ಟು, ಮದುವಣಗಿತ್ತಿಯ ಹಾಗೆ ನಡೆದುಬಂದು ಎಡಗಡೆಯ ಬಾಗಿಲು ತೆರೆದಳು. ಕಾಗದದಷ್ಟು ಹಗುರವಾಗಿ ತೆರೆದುಕೊಂಡಿತು.

ಒಳಗೆ ಸ್ಟಿಯರಿಂಗ್ ಮುಂದೆ ಒಂದೇ ಒಂದು ಸೀಟು. ಅದರ ಪಕ್ಕದಲ್ಲಿ ಬೋಳು ತಗಡು, ಬೋಲ್ಟು ಬಿಚ್ಚಿದ ನಾಲ್ಕು ತೂತು.

"ಸೀಟೆಲ್ಲಿ?"

"ಗುಜರಿಗೆ ಹಾಕ್ದೆ."

"ಯಾವಾಗ?"

"ಮೊದ್ಲೇ. ಕೆಲ್ಸ ಶುರು ಮಾಡಿದ್ದೇ ಅದ್ರಿಂದ."

ವೆಲ್ಡರ್ ಬಾಯಿಗೆ ಬಂದ ನಗುವನ್ನು ನುಂಗಿ ಅತ್ತ ತಿರುಗಿದ. ಅವಳ ಕಂಕುಳಿನ ಕವರು ಜಾರಿ ಅರ್ಧ ಬಿಚ್ಚಿಕೊಂಡಿತು, ಅವಳು ಎತ್ತಿಕೊಳ್ಳಲಿಲ್ಲ.

"ಮೊದಲ ಸವಾರಿ ನಂಗೆ ಅಂದಿದ್ರಿ. ಬಿಚ್ಚೋವಾಗ ಇವಳೆಲ್ಲಿ ಕೂರ್ತಾಳೆ ಅಂತ ಒಂದ್ಸಲಾನೂ ಅನ್ನಿಸ್ಲಿಲ್ವಾ?"

ತಕ್ಕಡಿ ತಲೆ ಕೆರೆದುಕೊಂಡು ನಿಜವಾಗಿಯೂ ಯೋಚಿಸಿದ. ಇಡೀ ಬೀದಿ ಅವನ ಬಾಯನ್ನೇ ನೋಡುತ್ತಿತ್ತು.

"ಹದಿನೆಂಟು ಕೆಜಿ ಇತ್ತು ಕಣೇ," ಎಂದ.